ಕೊಟ್ಟು, ಬಿಡುವುದು: ದಾನವನ್ನು ಸಾಧನೆಯಾಗಿ ರೂಢಿಸಿಕೊಳ್ಳುವ ಬಗೆ

‘ಕೊಟ್ಟುಬಿಡು’ ಅನ್ನುವುದು ಒಂದೇ ಮಾತು, ಆದರೆ ಅದರೊಳಗೆ ಕೆಲಸ ಎರಡಿವೆ. ಕೊಡುವುದು ಕೈಯ ಕೆಲಸ, ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಬಿಡುವುದಕ್ಕೆ ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ಕೊಟ್ಟ ಹಣ ಏನಾಯಿತು, ತೆಗೆದುಕೊಂಡವನು ಎದುರು ಸಿಕ್ಕಾಗ ಮಾತಾಡಿಸಿದನೋ ಇಲ್ಲವೋ, ದಾನಿಗಳ ಫಲಕದಲ್ಲಿ ಹೆಸರು ಯಾಕೆ ಕೆಳಗೆ ಬಂತು ಎಂದೆಲ್ಲ ಮನಸ್ಸು ಕೆದಕುತ್ತಿದ್ದರೆ ಕೊಟ್ಟದ್ದಾಗಿದೆ, ಬಿಟ್ಟದ್ದಾಗಿಲ್ಲ. ಜಪ, ಧ್ಯಾನ, ಪ್ರಾರ್ಥನೆಗಳ ಜೊತೆಗೆ ದಾನವನ್ನೂ ಸಾಧನೆಯಾಗಿ ಇಟ್ಟುಕೊಳ್ಳಬೇಕು ಅನ್ನುವವರು ತಡವರಿಸುವುದು ಇಲ್ಲೇ. ಕೊಡುವ ಭಾಗವನ್ನು ಲೆಕ್ಕಬದ್ಧವಾಗಿ, ಪ್ರತಿ ಸಲ ತಲೆಕೆಡಿಸಿಕೊಳ್ಳದೆ ನಡೆಯುವಂತೆ ಮಾಡಿಟ್ಟುಕೊಂಡರೆ, ಬಿಡುವ ಭಾಗಕ್ಕೆ ಮನಸ್ಸು ಬಿಡುವಾಗಿ ಸಿಗುತ್ತದೆ. ಹಾಗಾಗಿ ಮೊದಲು ಲೆಕ್ಕ, ಆಮೇಲೆ ಕೈ, ಅದಾದ ಮೇಲೆ ಮನಸ್ಸು.

ಒಂದು ತಿಂಗಳು ಸುಮ್ಮನೆ ಬರೆದಿಡಿ

ಏನನ್ನೂ ಬದಲಿಸಬೇಡಿ. ಒಂದು ಚಿಕ್ಕ ಪುಸ್ತಕದಲ್ಲಿ ನಾಲ್ಕು ಕಲಂ ಎಳೆದು ದಿನಾಂಕ, ಏನು ಕೊಟ್ಟಿರಿ, ಯಾರಿಗೆ, ಯಾಕೆ ಎಂದು ಬರೆಯುತ್ತ ಹೋಗಿ. ಹಣವಷ್ಟೇ ಅಲ್ಲ, ಯಾರಿಗಾದರೂ ಅರ್ಧ ದಿನ ಓಡಾಡಿಕೊಟ್ಟಿದ್ದರೆ ಅದೂ ಬರಲಿ. ಕೇಳಿದಾಗ ಇಲ್ಲವೆಂದದ್ದನ್ನೂ ಬರೆಯಿರಿ. ನಿಜಕ್ಕೂ ಬೆಲೆಬಾಳುವುದು ನಾಲ್ಕನೆಯ ಕಲಂ. ಅಲ್ಲಿ ‘ದಯೆಯಿಂದ’ ಎಂದು ಬರೆಯುವುದು ಸುಲಭ. ಆದರೆ ಪ್ರಾಮಾಣಿಕವಾಗಿ ಬರೆದವರ ಪುಸ್ತಕದಲ್ಲಿ ಸಾಮಾನ್ಯವಾಗಿ ಕಾಣುವ ಮಾತುಗಳು ಬೇರೆ: ಪಕ್ಕದವರು ನೋಡುತ್ತಿದ್ದರು, ಇಲ್ಲವೆನ್ನಲು ನಾಚಿಕೆಯಾಯಿತು, ಬೇಗ ಹೋಗಲಿ ಅನ್ನಿಸಿತು, ಬೆಳಿಗ್ಗೆ ಮನೆಯಲ್ಲಿ ರೇಗಾಡಿದ್ದೆ.

ಇದರಿಂದ ಬೇಸರಪಡಬೇಕಾಗಿಲ್ಲ. ಕಾರಣ ಏನೇ ಇರಲಿ, ಪಡೆದವರ ಹೊಟ್ಟೆ ತುಂಬಿದೆ. ಆದರೆ ಸಾಧನೆಯ ಮಟ್ಟಿಗೆ, ನಮ್ಮ ಕೈಯನ್ನು ಯಾವುದು ಆಡಿಸುತ್ತಿದೆ ಎಂದು ತಿಳಿಯದೆ ಮುಂದೆ ಹೋಗಲಾಗದು. ತಿಂಗಳ ಕೊನೆಗೆ ಒಟ್ಟು ಮೊತ್ತವನ್ನು ವರಮಾನದಿಂದ ಭಾಗಿಸಿ ಶೇಕಡಾವಾರು ತೆಗೆಯಿರಿ. ನಾನು ಬಹಳ ಕೊಡುತ್ತೇನೆ ಅಂದುಕೊಂಡವರಿಗೂ, ಏನೂ ಕೊಡುವುದಿಲ್ಲ ಎಂದು ಕೊರಗುವವರಿಗೂ ಈ ಸಂಖ್ಯೆ ಒಂದು ಬೆರಗು.

ಎಷ್ಟು ಎಂಬುದನ್ನು ತಣ್ಣಗಿರುವಾಗ ತೀರ್ಮಾನಿಸಿ

ಕೇಳುವವರು ಎದುರಿಗೆ ನಿಂತಾಗ ಎಷ್ಟು ಕೊಡಲಿ ಎಂದು ಯೋಚಿಸಹೊರಟರೆ ತೀರ್ಮಾನ ಮಾಡುವುದು ಮರುಕವೋ ಸಿಡುಕೋ, ನಾವಲ್ಲ. ಇದನ್ನು ಅರಿತೇ ಹಳೆಯ ಸಂಪ್ರದಾಯಗಳು ಅಳತೆಯನ್ನು ಮುಂಚೆಯೇ ಕಟ್ಟಿಟ್ಟಿವೆ. ಇಸ್ಲಾಮಿನ ಝಕಾತ್ ವರಮಾನದ ಮೇಲಲ್ಲ, ಒಂದು ಚಾಂದ್ರವರ್ಷ ಕೈಯಲ್ಲಿ ಉಳಿದ ಸಂಪತ್ತಿನ ಮೇಲೆ ಶೇಕಡಾ 2.5. ಇಷ್ಟು ಸಂಪತ್ತಿದ್ದರಷ್ಟೇ ಕೊಡಬೇಕೆಂಬ ಕನಿಷ್ಠ ಮಿತಿಯೂ ಇದೆ. ಚಿನ್ನದ ಲೆಕ್ಕದಲ್ಲಿ ಅದು ಸುಮಾರು 85 ಗ್ರಾಂ. ಬೆಳೆಯ ವಿಷಯದಲ್ಲಿ ಅದೇ ಪರಂಪರೆ ಇನ್ನೂ ಸೂಕ್ಷ್ಮ: ಮಳೆಯಲ್ಲೇ ಬೆಳೆದದ್ದಾದರೆ ಹತ್ತರಲ್ಲೊಂದು, ನೀರೆತ್ತಿ ಹಾಯಿಸಿ ಬೆಳೆದದ್ದಾದರೆ ಇಪ್ಪತ್ತರಲ್ಲೊಂದು. ಬೆವರಿಗೆ ರಿಯಾಯಿತಿ ಉಂಟು. ಸಿಖ್ಖರ ದಸ್ವಂಧ್ ಹತ್ತನೆಯ ಒಂದು ಪಾಲು. ಯೆಹೂದಿ ಪರಂಪರೆಯಲ್ಲೂ ಹತ್ತನೆಯ ಒಂದು ಪಾಲು ರೂಢಿ. ಆದರೆ ಅಲ್ಲಿ ಮೇಲ್ಮಿತಿಯೂ ಇದೆ, ಐದನೆಯ ಒಂದು ಪಾಲನ್ನು ಮೀರಿ ಕೊಡಬಾರದು. ಕೊಟ್ಟು ಕೊಟ್ಟು ತಾನೇ ಕೈಚಾಚುವ ಸ್ಥಿತಿಗೆ ಬರಬಾರದಲ್ಲ, ಅದಕ್ಕೆ.

ಭಾಗವತದ ಎಂಟನೆಯ ಸ್ಕಂಧದಲ್ಲಿ ಶುಕ್ರಾಚಾರ್ಯರು ಬಲಿಗೆ ಹೇಳುವುದೂ ಇದನ್ನೇ: ಜೀವನೋಪಾಯಕ್ಕೇ ಕುತ್ತು ತರುವ ದಾನವನ್ನು ತಿಳಿದವರು ಹೊಗಳುವುದಿಲ್ಲ, ಸಂಪತ್ತನ್ನು ಧರ್ಮ, ಕೀರ್ತಿ, ಬಂಡವಾಳ, ಸುಖ, ಸ್ವಜನ ಎಂದು ಐದು ಪಾಲು ಮಾಡು. ಬಲಿ ಕೇಳಲಿಲ್ಲ, ಅದು ಬೇರೆ ಮಾತು. ಎಲ್ಲರೂ ಬಲಿಯಲ್ಲ.

ನಿಮ್ಮ ಪರಂಪರೆ ಅಳತೆ ಹೇಳಿದ್ದರೆ ಅದನ್ನೇ ಹಿಡಿಯಿರಿ. ಇಲ್ಲವಾದರೆ ಶೇಕಡಾ 1ರಿಂದ ಶುರು ಮಾಡಿ. ಇಷ್ಟೇನಾ ಅನ್ನಿಸಿದರೂ ಮೂರು ತಿಂಗಳು ಅಷ್ಟರಲ್ಲೇ ಇರಿ. ತಪ್ಪದೆ ನಡೆದರೆ ಮೂರು ತಿಂಗಳಿಗೊಮ್ಮೆ ಅರ್ಧ ಶೇಕಡಾ ಏರಿಸಿ. ಈ ಲೆಕ್ಕದಲ್ಲಿ ಒಂದು ವರ್ಷ ಮುಗಿಯುವಾಗ ಶೇಕಡಾ 3ಕ್ಕೆ ಬಂದಿರುತ್ತೀರಿ. ಐದನೆಯ ವರ್ಷದ ಮಧ್ಯದಲ್ಲಿ 10 ತಲುಪುತ್ತೀರಿ. ಹತ್ತನ್ನೇ ಮುಟ್ಟಬೇಕೆಂದಿಲ್ಲ, ಮನೆಯ ಅಗತ್ಯಕ್ಕೆ ಕತ್ತರಿ ಬೀಳತೊಡಗಿದ ಕಡೆ ನಿಲ್ಲಿಸಿ. ಪ್ರವಚನ ಕೇಳಿ ಬಂದ ರಾತ್ರಿ ಒಮ್ಮೆಲೇ ಶೇಕಡಾ 15 ಎಂದು ಸಂಕಲ್ಪ ಮಾಡಿದವರು ನಾಲ್ಕನೆಯ ತಿಂಗಳಿಗೆ ಪೂರ್ತಿ ಕೈಬಿಡುವುದು ತೀರ ಸಾಮಾನ್ಯ. ಹಾಗೆ ಕೈಬಿಟ್ಟವರು ತಿರುಗಿ ಶೇಕಡಾ 1ಕ್ಕೆ ಬರಲು ಅವಮಾನವೆಂದು ಬರುವುದೇ ಇಲ್ಲ. ನಷ್ಟ ಅದೇ.

ಮೂರು ಸಂದರ್ಭಗಳಲ್ಲಿ ಹಣದ ದಾನ ಕಾಯಬೇಕು. ದುಬಾರಿ ಬಡ್ಡಿಯ ಸಾಲವಿದ್ದರೆ ಮೊದಲು ಅದು ತೀರಲಿ, ಏಕೆಂದರೆ ಕೊಡುತ್ತಿರುವುದು ಸಾಲ ಕೊಟ್ಟವನ ಹಣ. ಕೆಲಸದವರ ಸಂಬಳ, ಬಾಡಿಗೆ, ಯಾರದೋ ಬಾಕಿ ಉಳಿಸಿಕೊಂಡು ಮಾಡುವ ದಾನವೂ ಹಾಗೇ; ಅದು ಯಾರದೋ ದುಡ್ಡಿನಲ್ಲಿ ಮಾಡುವ ಜಾತ್ರೆ. ಮೂರನೆಯದು, ಮನೆಯ ಹಣ ಇಬ್ಬರದಾಗಿದ್ದು ಇನ್ನೊಬ್ಬರ ಒಪ್ಪಿಗೆ ಇಲ್ಲದಿರುವುದು. ಸಂಗಾತಿಗೆ ತಿಳಿಸದೆ ಕೊಡುವುದನ್ನು ಗುಪ್ತದಾನ ಎಂದು ಕರೆಯುವವರಿದ್ದಾರೆ. ಅದು ಬರೀ ಗುಪ್ತ. ಈ ಮೂರರಲ್ಲಿ ಯಾವುದಾದರೂ ಇದ್ದರೆ ಸಮಯ, ಶ್ರಮ, ರಕ್ತ ಇವುಗಳಿಂದ ಶುರುವಾಗಲಿ.

ಎಲ್ಲಿಂದ ಬಂದದ್ದು ಎಂಬ ಪ್ರಶ್ನೆಯೂ ಇದರ ಜೊತೆಗೇ ಇದೆ. 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಕನ್ನಡಿಗರಿಗೆ ಗೊತ್ತಿರುವುದೇ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ದಾಸೋಹಕ್ಕೇ ಆದರೂ ಈ ಹೆಚ್ಚುವರಿ ಬೇಡ ಎಂದು ಹೇಳಿ ಅದನ್ನು ಅಲ್ಲೇ ಸುರಿದು ಬರಲು ಕಳಿಸಿದವಳು ಅವಳು. ದಾನ ಮಾಡಲಿಕ್ಕಾಗಿಯೇ ಅಡ್ಡದಾರಿಯಲ್ಲಿ ಹೆಚ್ಚು ಗಳಿಸುವವರಿಗೆ ಇದಕ್ಕಿಂತ ನೇರವಾದ ಉತ್ತರ ಸಿಗಲಾರದು.

ಮುಡುಪು ಕಟ್ಟುವುದು

ವರಮಾನ ಕೈಸೇರಿದ ದಿನವೇ, ಉಳಿದ ಯಾವ ಖರ್ಚಿಗೂ ಮುಂಚೆ, ಆ ಪಾಲನ್ನು ಬೇರೆ ಮಾಡಿ. ಬೇರೆ ಖಾತೆಯಾದರೂ ಸರಿ, ಮುಚ್ಚಳವಿರುವ ಡಬ್ಬಿಯಾದರೂ ಸರಿ. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡೋಣ ಎಂದರೆ ಉಳಿಯುವುದಿಲ್ಲ, ಉಳಿದರೂ ಆ ಹೊತ್ತಿಗೆ ಅದು ‘ನನ್ನದು’ ಆಗಿಬಿಟ್ಟಿರುತ್ತದೆ. ಬೇರೆ ಮಾಡಿಟ್ಟ ಕ್ಷಣದಿಂದ ಅದು ನಿಮ್ಮ ಹಣವಲ್ಲ, ನಿಮ್ಮ ಬಳಿ ಇರುವ ಹಣ. ಈ ಒಂದು ವ್ಯತ್ಯಾಸದಿಂದಲೇ ಕೊಡುವಾಗಿನ ಚುಳುಕು ಅರ್ಧಕ್ಕರ್ಧ ಇಳಿಯುತ್ತದೆ. ವರಮಾನ ದಿನಕ್ಕೊಂದು ರೀತಿ ಇರುವವರು ದಿನದ ಕೊನೆಗೆ ಇದೇ ಲೆಕ್ಕದಲ್ಲಿ ತೆಗೆದಿಡಬಹುದು. ಏನೂ ಬಾರದ ದಿನ ಡಬ್ಬಿಯನ್ನು ಸುಮ್ಮನೆ ಮುಟ್ಟಿ ಇಡಿ, ರೂಢಿ ತಪ್ಪುವುದಿಲ್ಲ. ಉಪವಾಸ ಮಾಡುವವರು ಬಿಟ್ಟ ಊಟದ ಖರ್ಚನ್ನು ಅಂದೇ ಸೇರಿಸಲಿ. ಇಲ್ಲದಿದ್ದರೆ ಉಪವಾಸ ಬರೀ ಉಳಿತಾಯ.

ಮುಡುಪಿನ ಹಣವನ್ನು 100 ಭಾಗವೆಂದುಕೊಳ್ಳಿ. 60 ಭಾಗ ಒಂದೋ ಎರಡೋ ಕಡೆಗೆ ತಪ್ಪದೆ ಪ್ರತಿ ತಿಂಗಳು ಹೋಗಲಿ. 25 ಭಾಗ ಕೈಗೆಟುಕುವಂತಿರಲಿ. ದಾರಿಯಲ್ಲಿ ಕೇಳಿದವರಿಗೆ, ಬಾಗಿಲಿಗೆ ಬಂದವರಿಗೆ, ಪರಿಚಿತರ ತುರ್ತಿಗೆ. 15 ಭಾಗ ಕೂಡುತ್ತ ಹೋಗಲಿ, ಅದು ವಿಪತ್ತಿನ ನಿಧಿ. ಈ ಪ್ರಮಾಣ ಶಾಸ್ತ್ರವೇನಲ್ಲ, ಬೇಕಾದಂತೆ ಬದಲಿಸಿಕೊಳ್ಳಿ. ಆದರೆ ಮೂರು ಭಾಗ ಇರಲೇಬೇಕು. ಎಲ್ಲವೂ ನಿಯತವಾಗಿ ಖಾತೆಯಿಂದಲೇ ಹೋಗುತ್ತಿದ್ದರೆ ಎದುರಿಗಿರುವ ಮನುಷ್ಯ ಕಾಣದಂತಾಗುತ್ತಾನೆ. ಎಲ್ಲವೂ ಕೇಳಿದವರಿಗೇ ಹೋದರೆ ಕೇಳಲು ಬಾರದವರಿಗೆ ಏನೂ ತಲುಪುವುದಿಲ್ಲ. ಅವರೇ ಹೆಚ್ಚು.

ಯಾರಿಗೆ

ಪಾತ್ರಾಪಾತ್ರ ವಿಚಾರ ಬೇಕು, ಆದರೆ ಅದೇ ಜಿಪುಣತನಕ್ಕೆ ಮುಖವಾಡವೂ ಆಗುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಒಬ್ಬರು ಅರ್ಹರಲ್ಲವೆಂದು ಕೊಡದೆ ಉಳಿಸಿದ ಹಣ ಅದೇ ವಾರ ಇನ್ನೊಬ್ಬ ಅರ್ಹರಿಗೆ ಹೋಯಿತೇ? ಹೋಗಿದ್ದರೆ ಅದು ವಿವೇಕ. ಹೋಗದಿದ್ದರೆ ಅದು ನೆಪ.

ಗೀತೆಯ 17ನೆಯ ಅಧ್ಯಾಯದ 20ರಿಂದ 22ರವರೆಗಿನ ಶ್ಲೋಕಗಳಲ್ಲಿ ದಾನದ ಮೂರು ಬಗೆ ಬರುತ್ತದೆ. ಕೊಡಬೇಕಾದದ್ದೆಂದು, ತಿರುಗಿ ಉಪಕಾರ ಮಾಡಲಾರದವನಿಗೆ, ದೇಶ ಕಾಲ ಪಾತ್ರ ನೋಡಿ ಕೊಟ್ಟದ್ದು ಸಾತ್ವಿಕ. ಪ್ರತಿಫಲಕ್ಕೋ ಒಲ್ಲದ ಮನಸ್ಸಿನಿಂದಲೋ ಕೊಟ್ಟದ್ದು ರಾಜಸ. ತಪ್ಪು ಜಾಗ, ತಪ್ಪು ಹೊತ್ತು, ಅಪಾತ್ರರಿಗೆ ಕೊಟ್ಟದ್ದು ತಾಮಸ. ಇದು ಎಲ್ಲರಿಗೂ ನೆನಪಿರುತ್ತದೆ. ಅದೇ ಶ್ಲೋಕದಲ್ಲಿ ‘ಅಸತ್ಕೃತಮವಜ್ಞಾತಂ’ ಎಂದೂ ಇದೆ, ಅಂದರೆ ಗೌರವವಿಲ್ಲದೆ, ತಾತ್ಸಾರದಿಂದ ಕೊಟ್ಟದ್ದು. ಅಪಾತ್ರನನ್ನು ಹುಡುಕುವಾಗ ಇದನ್ನು ಮರೆಯುತ್ತೇವೆ. ಫಲದ ಆಸೆಯಿಂದ ಕೊಟ್ಟವನು ನಡುವಿನ ಮೆಟ್ಟಿಲಲ್ಲಿದ್ದಾನೆ, ಎಸೆದು ಕೊಟ್ಟವನು ಅವನಿಗಿಂತ ಕೆಳಗಿದ್ದಾನೆ.

ನಿಯತ ಪಾಲನ್ನು ಸಂಸ್ಥೆಗೆ ಕೊಡುವುದಾದರೆ ಮೂರು ವಿಷಯ ನೋಡಿ. ಲೆಕ್ಕಪರಿಶೋಧನೆಯಾದ ವಾರ್ಷಿಕ ಲೆಕ್ಕವನ್ನು ಕೇಳದೆಯೇ ತೋರಿಸುತ್ತಾರೆಯೇ? ಹಣದ ಮೇಲೆ ಸಹಿ ಹಾಕುವವರೆಲ್ಲ ಒಂದೇ ಮನೆಯವರೇ? ಕಳೆದ ವರ್ಷ ಯಾವ ಕೆಲಸ ಕೈಗೂಡಲಿಲ್ಲ ಎಂದು ಕೇಳಿದರೆ ನೇರ ಉತ್ತರ ಬರುತ್ತದೆಯೇ? ಮೂರನೆಯದು ಬಹಳ ಉಪಯುಕ್ತ. ಎಲ್ಲವೂ ಕೈಗೂಡಿತು ಅನ್ನುವವರು ಒಂದೋ ಕೆಲಸ ಮಾಡಿಲ್ಲ, ಇಲ್ಲವೇ ಹೇಳುತ್ತಿಲ್ಲ. ಆಡಳಿತದ ಖರ್ಚು ಕಡಿಮೆ ಇದ್ದಷ್ಟೂ ಒಳ್ಳೆಯ ಸಂಸ್ಥೆ ಎಂಬ ನಂಬಿಕೆ ಅರ್ಧಸತ್ಯ. ಲೆಕ್ಕ ಬರೆಯುವವರಿಗೂ ಸಂಬಳ ಬೇಕು, ಬರೆಯುವವರಿಲ್ಲದ ಕಡೆ ಹಣ ಸೋರುತ್ತದೆ. ‘ನನ್ನ ಹಣದಲ್ಲಿ ಇಂಥದ್ದನ್ನೇ ಕೊಳ್ಳಿ’ ಎಂಬ ಷರತ್ತನ್ನೂ ಆದಷ್ಟು ಹಾಕಬೇಡಿ. ಎಲ್ಲರೂ ಕಟ್ಟಡಕ್ಕೆ ಕೊಟ್ಟು ಕರೆಂಟು ಬಿಲ್ಲಿಗೆ ಯಾರೂ ಕೊಡದೆ ಕತ್ತಲಲ್ಲಿ ನಿಂತ ಕಟ್ಟಡಗಳು ಎಷ್ಟೋ ಇವೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಬರುವ ಚಿಕ್ಕ ಮೊತ್ತವನ್ನು ನಂಬಿ ಅವರು ಕೆಲಸ ಹಾಕಿಕೊಳ್ಳಬಲ್ಲರು.

ವಿಪತ್ತಿನ ನಿಧಿಯನ್ನು ಮೊದಲ ವಾರವೇ ಖಾಲಿ ಮಾಡಬೇಡಿ. ಅರ್ಧ ತಕ್ಷಣ ಕೊಡಿ, ಹಣವಾಗಿಯೇ ಕೊಡಿ. ಆ ಹೊತ್ತಿಗೆ ಅಲ್ಲಿ ಏನು ಬೇಕೆಂಬುದು ದೂರದಲ್ಲಿರುವ ನಮಗೆ ಗೊತ್ತಿರುವುದಿಲ್ಲ. ಬೇಡದ ಹಳೆಬಟ್ಟೆಯ ರಾಶಿ ಸಾಗಾಟದ ದಾರಿ ಕಟ್ಟಿಹಾಕಿ, ವಿಂಗಡಿಸುವವರ ದಿನಗಳನ್ನು ತಿಂದುಹಾಕುತ್ತದೆ. ಇನ್ನರ್ಧವನ್ನು ನಾಲ್ಕರಿಂದ ಆರು ತಿಂಗಳ ಮೇಲೆ ಕೊಡಿ. ಆಗ ಸುದ್ದಿ ಬೇರೆ ಕಡೆ ಹೋಗಿರುತ್ತದೆ, ಮನೆ ಕಟ್ಟುವ ಕೆಲಸ ಆಗಷ್ಟೇ ಶುರುವಾಗಿರುತ್ತದೆ.

ಬಂಧುಗಳ ವಿಷಯ ಬೇರೆ. ಅಲ್ಲಿ ಕೊಟ್ಟದ್ದು ದಾನವೋ ಸಾಲವೋ ಎಂಬುದು ಇಬ್ಬರಿಗೂ ಸ್ಪಷ್ಟವಿರಬೇಕು. ‘ಆದಾಗ ಕೊಡು’ ಎಂಬ ಮಾತು ಕೊಟ್ಟವನ ಕಿವಿಗೆ ಸಾಲವಾಗಿಯೂ ಪಡೆದವನ ಕಿವಿಗೆ ದಾನವಾಗಿಯೂ ಕೇಳಿಸುತ್ತದೆ, ಎರಡು ವರ್ಷದ ಮೇಲೆ ಮಾತು ನಿಲ್ಲುತ್ತದೆ. ಸಾಲವಾದರೆ ದಿನಾಂಕ ಹಾಕಿ ಬರೆದುಕೊಳ್ಳಿ. ದಾನವಾದರೆ ಆಗಲೇ ಬಾಯಿಬಿಟ್ಟು ಹೇಳಿ: “ಇದು ವಾಪಸ್ಸು ಬೇಡಪ್ಪ.” ಯಾವ ಲೆಕ್ಕಕ್ಕೂ ಸೇರದಿದ್ದರೆ, ಬಾರದಿದ್ದರೂ ನಿದ್ದೆಗೆಡದಷ್ಟೇ ಕೊಡಿ.

12ನೆಯ ಶತಮಾನದ ಯೆಹೂದಿ ಪಂಡಿತ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಒಲ್ಲದ ಮನಸ್ಸಿನಿಂದ ಕೊಡುವುದು ತೀರ ಕೆಳಗಿನದು. ಕೊಟ್ಟವರಾರು ಪಡೆದವರಾರು ಎಂದು ಪರಸ್ಪರ ತಿಳಿಯದಿರುವುದು ಬಹಳ ಮೇಲಿನದು, ಆದರೆ ಅದೇ ತುದಿಯಲ್ಲ. ಎಲ್ಲಕ್ಕಿಂತ ಮೇಲೆ ಅವನಿಟ್ಟದ್ದು ಸಾಲ ಕೊಟ್ಟೋ, ಪಾಲುದಾರನಾಗಿ ಸೇರಿಸಿಕೊಂಡೋ, ಕೆಲಸ ಕೊಡಿಸಿಯೋ ಒಬ್ಬನನ್ನು ತನ್ನ ಕಾಲ ಮೇಲೆ ನಿಲ್ಲಿಸುವುದನ್ನು. ಕೆಲಸ ಕೊಡಿಸುವುದನ್ನು ದಾನವೆಂದು ನಾವು ಎಣಿಸುವುದೇ ಕಡಿಮೆ. ನಿಮ್ಮ ಪುಸ್ತಕದಲ್ಲಿ ಅದಕ್ಕೂ ಒಂದು ಸಾಲು ಇರಲಿ.

ಕೈಯಿಂದ ಕೈಗೆ

ದಾನದಲ್ಲಿ ಅತ್ಯಂತ ಕಡಿಮೆ ಗಮನ ಸಿಗುವುದು ಆ ಕೆಲವೇ ಸೆಕೆಂಡುಗಳಿಗೆ.

ದಾರಿಯಲ್ಲಿ ಕೊಡುವ ಹಣ ಬೇರೆಯೇ ಜೇಬಿನಲ್ಲಿ, ಚಿಲ್ಲರೆಯಾಗಿ ಸಿದ್ಧವಿರಲಿ. ಕೇಳುವವರ ಎದುರು ಪರ್ಸು ತೆರೆದು, ದೊಡ್ಡ ನೋಟುಗಳನ್ನು ಸರಿಸಿ ಸರಿಸಿ ಚಿಕ್ಕದನ್ನು ಹುಡುಕುವುದು ಇಬ್ಬರಿಗೂ ಇರಿಸುಮುರಿಸು. ನಡೆಯುತ್ತಲೇ ಕೊಡಬೇಡಿ, ಎರಡು ಪಾದವೂ ನಿಲ್ಲಲಿ. ಅವರು ಕೂತಿದ್ದರೆ ನಿಮ್ಮ ಮಂಡಿ ಮಡಿಯಲಿ, ಕಣ್ಣಿನ ಮಟ್ಟ ಸಮ ಬರಲಿ. ನಾಣ್ಯವನ್ನು ಮೇಲಿಂದ ಬೀಳಿಸಿದರೆ ಟಣ್ ಎಂದು ಸದ್ದಾಗುತ್ತದೆ. ಆ ಸದ್ದು ಆಗದಂತೆ ಇಡಿ. ಹಾಗೆ ಇಡಬೇಕಾದರೆ ಕೈ ತಟ್ಟೆಯವರೆಗೆ ಇಳಿಯಲೇಬೇಕು, ಕೈ ಇಳಿಯಬೇಕಾದರೆ ಬೆನ್ನು ಬಾಗಲೇಬೇಕು. ಇಷ್ಟು ಸಾಕು, ಉಳಿದ ಸೌಜನ್ಯ ತಾನಾಗಿ ಬರುತ್ತದೆ. ತೈತ್ತಿರೀಯ ಉಪನಿಷತ್ತು ‘ಹ್ರಿಯಾ ದೇಯಮ್’ ಅನ್ನುತ್ತದೆ, ಸಂಕೋಚದಿಂದ ಕೊಡು ಎಂದು. ಸಂಕೋಚ ಪಡಬೇಕಾದವನು ಇಲ್ಲಿ ಕೊಡುವವನು.

ಬುದ್ಧಿಮಾತು ಬೇಡ. ಕುಡಿಯಬೇಡ, ದುಡಿದು ತಿನ್ನು ಎಂಬ ಉಪದೇಶವನ್ನು ಹಣದ ಜೊತೆಗೆ ಕಟ್ಟಿಕೊಟ್ಟರೆ ಅವರು ಹಣಕ್ಕಾಗಿ ಉಪದೇಶ ಸಹಿಸಿಕೊಂಡಂತಾಗುತ್ತದೆ, ಅಂದರೆ ಅವರೇ ಬೆಲೆ ತೆತ್ತಂತೆ. ಕೊಡುವುದಿಲ್ಲವಾದರೆ ಮುಖ ನೋಡಿ ಇಲ್ಲವೆನ್ನಿ. ಫೋನು ನೋಡುತ್ತ ದಾಟಿಹೋಗುವುದು ಇಲ್ಲವೆಂದದ್ದಕ್ಕಿಂತ ಹೆಚ್ಚು ಚುಚ್ಚುತ್ತದೆ. ಬೇಡುವ ಮಕ್ಕಳ ಕೈಗೆ ಹಣ ಕೊಡದಿರುವುದೇ ಲೇಸು. ಚೆನ್ನಾಗಿ ಗಳಿಸುವ ಮಗುವನ್ನು ಬೀದಿಯಿಂದ ಶಾಲೆಗೆ ಕಳಿಸಲು ಹಿರಿಯರಿಗೆ ಮನಸ್ಸು ಬಾರದು. ಆ ಪಾಲನ್ನು ಅಂಥ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತಲುಪಿಸಿ. ಫೋಟೋ ಬೇಡವೇ ಬೇಡ. ಪಡೆಯುತ್ತಿರುವ ಕೈಯ ಚಿತ್ರ ಕೂಡ ಬೇಡ.

ವಸ್ತುವಾಗಿ ಕೊಡುವಾಗ ಆಗುವ ತಪ್ಪು ಒಂದೇ: ಮನೆ ಖಾಲಿ ಮಾಡುವುದನ್ನು ದಾನ ಎನ್ನುವುದು. ಕಠೋಪನಿಷತ್ತು ಶುರುವಾಗುವುದೇ ಇಲ್ಲಿಂದ. ನೀರು ಕುಡಿದು ಮುಗಿಸಿದ, ಹುಲ್ಲು ತಿಂದು ಮುಗಿಸಿದ, ಹಾಲು ಬತ್ತಿದ ಹಸುಗಳನ್ನು ತಂದೆ ದಾನ ಕೊಡುತ್ತಿರುವುದು ನಚಿಕೇತನ ಕಣ್ಣಿಗೆ ಬೀಳುತ್ತದೆ. ಬಟ್ಟೆ ಕೊಡುವುದಾದರೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಗುಂಡಿ, ಜಿಪ್ಪು ಒಂದೊಂದನ್ನೂ ಹಾಕಿ ತೆಗೆದು ನೋಡಿ. ಜೇಬಿನೊಳಗೆ ಕೈಹಾಕಿ ನೋಡಿ. ಅಳತೆ ಬರೆದು ಚೀಟಿ ಅಂಟಿಸಿ. ಹರಿದದ್ದು ಒರೆಸುವ ಬಟ್ಟೆಯಾಗಲಿ. ಒಳ ಉಡುಪು, ಬಳಸಿ ಉಳಿದ ಔಷಧಿ ಕೊಡಬಾರದು. ಬೇಯಿಸಿದ ಆಹಾರ ಹೊರಗಿಟ್ಟರೆ 2 ಗಂಟೆಯೊಳಗೆ, ಬಿಸಿಲು 32 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ 1 ಗಂಟೆಯೊಳಗೆ ತಿನ್ನುವವರ ಕೈ ಸೇರಬೇಕು. ಸಮಾರಂಭ ಮುಗಿದು, ಎಲ್ಲರೂ ಊಟ ಮಾಡಿ, ಪಾತ್ರೆ ತೊಳೆಯುವಾಗ ನೆನಪಾಗಿ ಕಳಿಸಿದ ಅನ್ನ ಎಷ್ಟೋ ಸಲ ಕಾಯಿಲೆಯಾಗಿ ತಲುಪುತ್ತದೆ. ಕೊಡುವ ಪಾಲನ್ನು ಬಡಿಸುವುದಕ್ಕೆ ಮುಂಚೆಯೇ ತೆಗೆದಿಡಿ.

ಹಣವಲ್ಲದ್ದು

ಜೈನ ಪರಂಪರೆಯಲ್ಲಿ ದಾನ ನಾಲ್ಕು ಬಗೆ: ಆಹಾರ, ಔಷಧ, ಶಾಸ್ತ್ರ, ಅಭಯ. 10ನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿ ಬರೆಸಿ ಹಂಚಿದಳೆಂದು ಹೆಸರಾದ ದಾನಚಿಂತಾಮಣಿ ಅತ್ತಿಮಬ್ಬೆ ಮಾಡಿದ್ದು ಮೂರನೆಯದನ್ನು. ಒಂದೊಂದು ಓಲೆಯನ್ನೂ ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆದು ಬರೆಯಬೇಕಿದ್ದ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಜನ ಲಿಪಿಕಾರರ ಎಷ್ಟು ದಿನಗಳು! ಇಂದು ವಾರಕ್ಕೆ ಎರಡು ಗಂಟೆ ಒಬ್ಬರಿಗೆ ಓದು ಕಲಿಸುವುದು ಅದೇ ದಾನ. ಒಂದು ಎಚ್ಚರ ಬೇಕು: ಸಮಯ ಕೊಡುವುದಾದರೆ ಕನಿಷ್ಠ ಮೂರು ತಿಂಗಳಿಗೆ ಮಾತು ಕೊಡಿ, ಬಿಡುವಾಗ ಒಂದು ತಿಂಗಳು ಮುಂಚೆ ಹೇಳಿ, ಇನ್ನೊಬ್ಬರಿಗೆ ಕೆಲಸ ಒಪ್ಪಿಸಿ ಹೊರಡಿ. ನಾಲ್ಕು ವಾರ ಬಂದು ಕಾಣೆಯಾಗುವವರಿಗಾಗಿ ಮಗು ಐದನೆಯ ವಾರವೂ ಬಾಗಿಲಲ್ಲಿ ಕಾಯುತ್ತದೆ.

ಅಭಯವೆಂದರೆ ಇನ್ನೊಬ್ಬರ ಹೆದರಿಕೆ ಕಳೆಯುವುದು. ಕೈಕೆಳಗಿನವರ ತಪ್ಪಿಗೆ ಎಲ್ಲರೆದುರು ಕೂಗಾಡದಿರುವುದು, ಆಸ್ಪತ್ರೆಯ ವರದಿ ಬರುವವರೆಗೆ ಪಕ್ಕದಲ್ಲಿ ಕೂರುವುದು, ಸಾಲಗಾರನಿಗೆ ಇನ್ನೂ ಎರಡು ತಿಂಗಳು ಗಡುವು ಕೊಡುವುದು. ಖರ್ಚಿಲ್ಲ, ಆದರೂ ಎಲ್ಲಕ್ಕಿಂತ ಅಪರೂಪ.

ರಕ್ತದಾನ ಗುಪ್ತದಾನದ ಅಚ್ಚುಕಟ್ಟಾದ ರೂಪ. ಕೊಟ್ಟವರಿಗೆ ಪಡೆದವರು ಗೊತ್ತಿಲ್ಲ, ಪಡೆದವರಿಗೆ ಕೊಟ್ಟವರು ಗೊತ್ತಿಲ್ಲ. ಕೆಂಪು ಕಣಗಳನ್ನು ಕಾದಿಡಬಹುದಾದದ್ದು ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್‌ಗಳನ್ನು ಸುಮಾರು 5 ದಿನ. ಹಾಗಾಗಿ ಎಲ್ಲರೂ ಒಂದೇ ದಿನ ಸಾಲಲ್ಲಿ ನಿಂತು ಕೊಡುವುದಕ್ಕಿಂತ, ಶಿಬಿರವಿಲ್ಲದ ಸಾಮಾನ್ಯ ದಿನ ಹೋಗಿ ಕೊಟ್ಟದ್ದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎರಡು ಸಲದ ನಡುವಿನ ಅಂತರ, ತೂಕ, ಔಷಧಿಗಳ ವಿಷಯದಲ್ಲಿ ರಕ್ತನಿಧಿಯವರು ಹೇಳಿದ್ದೇ ಕೊನೆಯ ಮಾತು. ಸಾಧನೆಯ ಹುರುಪಿನಲ್ಲಿ ಕಾಯಿಲೆ ಮುಚ್ಚಿಟ್ಟು ಕೊಡುವುದು ಮಾತ್ರ ಸಲ್ಲದು.

ಮನಸ್ಸಿನ ಕಡೆಗೆ

ಬೌದ್ಧರ ಅಂಗುತ್ತರ ನಿಕಾಯದಲ್ಲಿ ಕೊಡುವವನ ಮನಸ್ಸನ್ನು ಮೂರು ಹೊತ್ತಿನಲ್ಲಿ ಹೇಳಿದೆ: ಕೊಡುವ ಮುನ್ನ ಸಂತೋಷ, ಕೊಡುವಾಗ ಪ್ರಸನ್ನತೆ, ಕೊಟ್ಟ ಮೇಲೆ ತೃಪ್ತಿ. ನಿಮ್ಮ ಪುಸ್ತಕದಲ್ಲಿ ‘ಯಾಕೆ’ ಕಲಂ ಇದ್ದ ಕಡೆ ಈಗ ಮುನ್ನ, ಆಗ, ಆಮೇಲೆ ಎಂಬ ಮೂರು ಕಲಂ ಎಳೆಯಿರಿ. ಒಂದೊಂದಕ್ಕೂ ಒಂದೇ ಪದ. ಮೂರನೆಯದನ್ನು ಅಂದೇ ತುಂಬಬೇಡಿ, ಎರಡು ದಿನ ಬಿಟ್ಟು ತುಂಬಿ. ಅಂದು ‘ಹಗುರ’ ಎಂದು ಬರೆದದ್ದು ಎರಡು ದಿನದ ಮೇಲೆ ‘ಜಾಸ್ತಿಯಾಯ್ತೇನೋ’ ಆಗಿರುವುದುಂಟು.

ಹೀಗೆ ಆರು ತಿಂಗಳು ಬರೆದವರಿಗೆ ತಮ್ಮ ರೋಗ ತಾವೇ ಗೊತ್ತಾಗುತ್ತದೆ. ‘ಮುನ್ನ’ದಲ್ಲಿ ಬಿಗಿ, ‘ಆಮೇಲೆ’ ಹಗುರ ಎಂದಿದ್ದರೆ ಅದು ಬರೀ ಲೋಭ. ಅದಕ್ಕೆ ಮದ್ದು ಸುಲಭ: ಮುಡುಪನ್ನು ಇನ್ನಷ್ಟು ಬೇಗ ಬೇರೆ ಮಾಡುವುದು. ‘ಮುನ್ನ’ ಹುರುಪು, ‘ಆಮೇಲೆ’ ಕಸಿವಿಸಿ ಎಂದಿದ್ದರೆ ಮೊತ್ತ ಮಿತಿ ಮೀರಿದೆ, ಇಲ್ಲವೇ ಒತ್ತಾಯಕ್ಕೆ ಕೊಟ್ಟಿದ್ದೀರಿ. ಮುಂದಿನ ಸಲ “ನಾಳೆ ಹೇಳುತ್ತೇನೆ” ಎಂದು ಒಂದು ರಾತ್ರಿ ದಾಟಿಸಿ. ಮೂರೂ ಕಡೆ ಸಂತೋಷವೇ ತುಂಬಿದ್ದು, ಆ ಸಂತೋಷ ಯಾರಿಗಾದರೂ ಹೇಳಿದ ಮೇಲಷ್ಟೇ ಪೂರ್ತಿಯಾಗುತ್ತಿದ್ದರೆ ಅದು ಕೀರ್ತಿಯ ಹಸಿವು. ಇದು ಮೂರರಲ್ಲಿ ಜಿಗುಟಾದದ್ದು. ಮೂರು ತಿಂಗಳಿಗೆ ಒಂದು ದಾನವಾದರೂ ಯಾರಿಗೂ, ಆಪ್ತರಿಗೂ ತಿಳಿಯದಂತೆ ನಡೆಯಲಿ. ಮೊತ್ತದ ಬಗ್ಗೆ ಮನೆಯಲ್ಲಿ ಮೊದಲೇ ಒಪ್ಪಿಗೆಯಿರಲಿ, ಎಲ್ಲಿಗೆ ಹೋಯಿತು ಎಂಬುದು ಮಾತ್ರ ಗುಟ್ಟು. ಹೇಳಬೇಕೆಂದು ನಾಲಿಗೆ ತುರಿಸುವುದು ಸಾಮಾನ್ಯವಾಗಿ ಮೊದಲ ವಾರದಲ್ಲಿ. ಆ ತುರಿಕೆಯನ್ನು ನೋಡುತ್ತ ಕೂರುವುದೇ ಆ ವಾರದ ಧ್ಯಾನ. ಬಹಿರಂಗ ದಾನವೆಲ್ಲ ಕೆಟ್ಟದ್ದೆಂದಲ್ಲ. ಖುರಾನಿನ ಎರಡನೆಯ ಅಧ್ಯಾಯ ಬಹಿರಂಗವಾಗಿ ಕೊಟ್ಟದ್ದೂ ಒಳ್ಳೆಯದೇ, ಗುಟ್ಟಾಗಿ ಬಡವರಿಗೆ ಕೊಟ್ಟದ್ದು ಇನ್ನೂ ಒಳ್ಳೆಯದು ಅನ್ನುತ್ತದೆ. ಒಬ್ಬರ ಹೆಸರು ಕಂಡು ಇನ್ನು ಹತ್ತು ಜನ ಕೊಡುವ ಸಂದರ್ಭದಲ್ಲಿ ಹೆಸರು ಹೇಳಲು ಅಡ್ಡಿಯಿಲ್ಲ.

ಹೋಮದಲ್ಲಿ ಆಹುತಿ ಹಾಕಿದ ಮೇಲೆ ‘ಇದಂ ನ ಮಮ’ ಎಂದು ಹೇಳುವ ಕ್ರಮವಿದೆ, ಇದು ನನ್ನದಲ್ಲ ಎಂದು. ತುಪ್ಪ ಬೆಂಕಿಗೆ ಬಿದ್ದಾಗಿದೆ, ಹಿಂದೆ ತೆಗೆಯುವಂತಿಲ್ಲ, ಆದರೂ ಬಾಯಿಬಿಟ್ಟು ಹೇಳಬೇಕು. ಕೈ ಬಿಟ್ಟರೂ ಮನಸ್ಸು ಬಿಟ್ಟಿರುವುದಿಲ್ಲವಲ್ಲ. ಧಾರೆ ಎರೆದು ಕೊಡುವುದರ ಅರ್ಥವೂ ಅದೇ, ಸುರಿದ ನೀರನ್ನು ತಿರುಗಿ ಹಿಡಿಯಲಾಗದು. ನಿಮ್ಮ ನಂಬಿಕೆಗೆ ಹೊಂದುವ ಇಂಥ ಒಂದು ಚಿಕ್ಕ ಮಾತನ್ನು ಆರಿಸಿಕೊಳ್ಳಿ. ದೇವರ ಹೆಸರಾಗಬಹುದು, ಒಂದು ಉಸಿರಾಗಬಹುದು. ಪ್ರತಿ ದಾನದ ಕೊನೆಗೂ ಅದೇ ಮಾತು, ಮನಸ್ಸಿನಲ್ಲೇ. ಕೊಟ್ಟದ್ದರ ನೆನಪು ಆಮೇಲೆ ಬಂದಾಗಲೂ ಅದೇ. ಪಡೆದವರಿಗೆ ಕೃತಜ್ಞತೆಯಿಲ್ಲ ಅನ್ನಿಸಿದಾಗಂತೂ ತಪ್ಪದೆ.

ಕೊಡುವುದರಲ್ಲಿ ಪಳಗಿದವರಿಗೆ ಇನ್ನೊಂದು ತೊಡಕಿದೆ: ಅವರಿಗೆ ಪಡೆಯಲು ಬರುವುದಿಲ್ಲ. ಯಾರಾದರೂ ಚೀಲ ಹಿಡಿದುಕೊಳ್ಳುತ್ತೇನೆಂದರೂ ಬೇಡವೆನ್ನುತ್ತಾರೆ. ಸದಾ ಮೇಲಿರುವ ಕೈಗೆ ಕೆಳಗಿರುವ ಕೈಯ ಕಷ್ಟ ಮರೆತುಹೋಗುತ್ತದೆ. ವಾರಕ್ಕೊಮ್ಮೆಯಾದರೂ ಒಬ್ಬರ ಸಹಾಯವನ್ನು ಬೇಡವೆನ್ನದೆ ಪಡೆಯಿರಿ, ತಕ್ಷಣ ಋಣ ತೀರಿಸಹೋಗಬೇಡಿ. ಒಳಗೆ ಆಗುವ ಕುಗ್ಗುವಿಕೆಯನ್ನು ಗಮನಿಸಿ. ನೀವು ಕೊಡುವಾಗ ಎದುರಿಗಿರುವವರಿಗೆ ಪ್ರತಿ ಸಲ ಆಗುವುದು ಅದೇ.

ವರ್ಷಕ್ಕೊಮ್ಮೆ, ನಿಮಗೆ ಅರ್ಥವಿರುವ ಯಾವುದಾದರೂ ದಿನ, ಪುಸ್ತಕ ತೆರೆದು ಕೂರಿ. ನಿಯತ ಪಾಲು ಹೋಗುತ್ತಿರುವ ಕಡೆಯ ಲೆಕ್ಕ ಇನ್ನೊಮ್ಮೆ ನೋಡಿ. ವಿಪತ್ತಿನ ನಿಧಿ ಒಂದು ವರ್ಷದ ಮುಡುಪನ್ನು ಮೀರಿ ಬೆಳೆದಿದ್ದರೆ ಹೆಚ್ಚಿನದನ್ನು ಆ ತಿಂಗಳೇ ಕೊಟ್ಟು ಮುಗಿಸಿ, ದಾನದ ಡಬ್ಬಿಯೂ ಆಸ್ತಿಯಾಗಬಲ್ಲದು. ಮುಂದಿನ ವರ್ಷದ ಶೇಕಡಾವಾರು ಬರೆಯಿರಿ. ಒಟ್ಟು ಮೊತ್ತವನ್ನೂ ಮೂರು ಕಲಂಗಳಲ್ಲಿ ಪದೇ ಪದೇ ಬಂದ ಪದಗಳನ್ನೂ ಹೊಸ ಪುಸ್ತಕದ ಮೊದಲ ಪುಟಕ್ಕೆ ಇಳಿಸಿಕೊಳ್ಳಿ. ಯಾರಿಗೆ ಎಂಬ ಕಲಂ ಇರುವ ಹಳೆಯ ಹಾಳೆಗಳನ್ನು ಹರಿದುಹಾಕಿ.